ಏಳುವಾಗ ಬರುವ ಮಾತು

ದವಾಖಾನೆಯ ಆಯಾ ಕಸ್ತೂರೆವ್ವ ನನ್ನ ಮೇಲಿದ್ದ ನೀರಿನ ಕೊಡ ಇಳಿಸಿ, ನನ್ನನ್ನು ತಲೆಕೆಳಗು ಮಾಡಿ ಡಾಕ್ಟರ ಮೇಜಿನ ಮೇಲೆ ಇಟ್ಟಳು. ನಾಲ್ಕು ಕಾಲೂ ಮೇಲಾದವು. ಕೆಳಗೆ ಅವಳು ಫಿನಾಯಿಲ್ ಹಾಕಿದ ನೀರಿನಲ್ಲಿ ಅರಿವೆ ಅದ್ದಿ ನೆಲ ಒರೆಸುತ್ತಿದ್ದಾಳೆ. ನೆಲ ಆರುವ ತನಕ ನಾನು ಹೀಗೇ ಇರಬೇಕು. ದಿನಾ ಬೆಳಿಗ್ಗೆ ಇಷ್ಟು ಹೊತ್ತು ನನಗೆ ಎಲ್ಲವೂ ಉಲ್ಟಾ ಕಾಣುತ್ತದೆ.

"ಈ ಸ್ಟೂಲಿನ ಕಾಲಿಗೆ ಕೆಸರು ನೋಡು! ಸಂತಿಗೆ ಹೋಗಿ ಬಂದೈತೇನ ಇದು?" ಎಂದು ಬೈಯುತ್ತಾಳೆ.

ನಾನು ಎಲ್ಲಿಗೂ ಹೋದವನಲ್ಲ. ಜನ ಬಂದಿದ್ದಾರೆ, ಅಷ್ಟೇ.

ನಾನು ಒಂದು ಸ್ಟೂಲು. ಬೇವಿನ ಕಟ್ಟಿಗೆಯವನು. ನರೇಗಲ್ಲಿನ ಕಾಳಪ್ಪ ಬಡಿಗೇರರು ಯಾರದೋ ಮನೆಯ ಬಾಗಿಲ ಚೌಕಟ್ಟು ಮಾಡಿ ಉಳಿದ ತುಂಡುಗಳಲ್ಲಿ ನನ್ನನ್ನು ಮಾಡಿದರು. ಮಾಡಿಸಿದವರು ಫೋಟೋ ಸ್ಟುಡಿಯೋದ ಖಾದರಸಾಬರು. ಅವರು ಮುಂದೆಯೇ ನಿಂತು ಮಾಡಿಸಿದರು.

"ಬೆನ್ನಿಗೆ ಆಸರ ಇಡಬ್ಯಾಡ್ರಿ ಕಾಳಪ್ಪಣ್ಣ. ಆಸರ ಸಿಕ್ಕರ ಮಂದಿ ಜೋತು ಬೀಳ್ತಾರ. ಫೋಟೋದಾಗ ಬಾಡಿದ ಬದನಿಕಾಯಿ ಕಂಡಂಗ ಕಾಣ್ತಾರ."

"ಅಗಲ ಎಷ್ಟ ಇಡ್ಲಿ?"

"ಸಣ್ಣದ ಇರಲಿ. ಆರಾಮ ಅನ್ನಿಸಬಾರದು."

ಹಾಗೆ, ಕೂತವರಿಗೆ ಆರಾಮ ಅನ್ನಿಸಬಾರದು ಎಂದೇ ನಾನು ಹುಟ್ಟಿದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಮುಂದಿನ ಮಾತಿಗೆ ಇದು ಬೇಕು.

ಸ್ಟುಡಿಯೋದಲ್ಲಿ ನನ್ನ ಮೇಲೆ ಕೂತವರು ಮಾತಾಡುವ ಹಾಗಿರಲಿಲ್ಲ. "ಅಲುಗಾಡಬ್ಯಾಡ್ರಿ, ಉಸಿರು ಹಿಡೀರಿ" ಎನ್ನುತ್ತಿದ್ದರು ಸಾಬರು. ಗಂಡಿನ ಕಡೆಯವರಿಗೆ ಫೋಟೋ ಕಳಿಸಬೇಕಾದ ಹುಡುಗಿಯರು ಕೂತರು. ಪರೀಕ್ಷೆ ಕಟ್ಟುವ ಹುಡುಗರು ಕೂತರು. ಪಿಂಚಣಿಗೆ ಅರ್ಜಿ ಹಾಕುವ ಮುದುಕರು ಕೂತರು. ಎಲ್ಲರೂ ಉಸಿರು ಹಿಡಿದೇ ಕೂತರು. ಆಮೇಲೆ ಎಲ್ಲರ ಕೈಗೂ ಫೋನು ಬಂತು. ಸಾಬರು ಸ್ಟುಡಿಯೋ ಬಾಗಿಲು ಹಾಕುವ ದಿನ ನನ್ನನ್ನು ಎತ್ತಿಕೊಂಡು ಪಕ್ಕದ ದವಾಖಾನೆಗೆ ಬಂದರು.

"ಡಾಕ್ಟ್ರ, ಇದನ್ನ ಇಟ್ಗೋರಿ. ಇದರ ಮ್ಯಾಲ ಕುಂತವರು ಭಾಳ ಹೊತ್ತು ಕುಂಡ್ರಂಗಿಲ್ಲ."

ಡಾಕ್ಟರು ನಕ್ಕರು. "ಸಾಬರ, ನನಗ ಬೇಕಾಗಿದ್ದೂ ಅದ ನೋಡ್ರಿ!"

ಅವರು ಡಾಕ್ಟರ್ ಇಂದೂಧರ. ನಲವತ್ತು ವರ್ಷದಿಂದ ಇದೇ ಪೇಟೆಯಲ್ಲಿ ಇದೇ ಕೋಣೆಯಲ್ಲಿ ರೋಗಿಗಳನ್ನು ನೋಡುವವರು. ಜ್ವರ, ಕೆಮ್ಮು, ಬಸುರಿ, ಬಾಣಂತಿ, ಚೇಳು ಕಡಿದದ್ದು, ಸಕ್ಕರೆ ಕಾಯಿಲೆ ಎಲ್ಲಕ್ಕೂ ಅವರೇ. ನನಗೆ ಅವರ ಮುಖಕ್ಕಿಂತ ಕಾಲು ಹೆಚ್ಚು ಪರಿಚಯ. ಮೇಜಿನ ಕೆಳಗಿನಿಂದ ಎದುರಿಗೇ ಕಾಣುತ್ತವೆ. ಕಂದು ಬಣ್ಣದ ಚಪ್ಪಲಿ, ಎಡಗಾಲಿನ ಹೆಬ್ಬೆರಳು ಮಾತ್ರ ಸದಾ ಕುಣಿಯುತ್ತಿರುತ್ತದೆ. ದಿನಕ್ಕೆ ತೊಂಬತ್ತು ಜನ. ಸಂತೆಯ ದಿನ ನೂರಾ ಮೂವತ್ತು. ಹೊರಗೆ ಬೆಂಚಿನ ಮೇಲೆ, ಕಟ್ಟೆಯ ಮೇಲೆ, ಟ್ರ್ಯಾಕ್ಟರಿನಲ್ಲಿ ಜನ. ಆ ಹೆಬ್ಬೆರಳು ಕುಣಿಯದೆ ಏನು ಮಾಡೀತು?

ಅವರು ಕೆಟ್ಟವರಲ್ಲ. ಯಾರ ಮಗಳು ಯಾವ ಊರಿಗೆ ಹೋಗಿದ್ದಾಳೆ, ಯಾರಿಗೆ ಯಾವ ಗುಳಿಗೆ ಆಗಿಬರುವುದಿಲ್ಲ, ಎಲ್ಲ ಬಾಯಲ್ಲೇ ಇದೆ. ಆದರೆ ರೋಗಿ ಕೂತು "ಸಾಹೇಬ್ರ, ನಿನ್ನಿಲಿಂದ..." ಅನ್ನುವಷ್ಟರಲ್ಲಿ ಅವರ ಪೆನ್ನು ಎದ್ದಿರುತ್ತಿತ್ತು. "ಜ್ವರ ಐತೇನ? ಕೆಮ್ಮು? ಕಫ?" ಅಂತ ಒಂದರ ಹಿಂದೆ ಒಂದು ಕೇಳಿ, ಚೀಟಿ ಹರಿದು ಕೈಗೆ ಕೊಡುತ್ತಿದ್ದರು. ಮುಂದಿನವರು ಪರದೆ ಸರಿಸಿ ಒಳಗೆ ಬಂದೇಬಿಟ್ಟಿರುತ್ತಿದ್ದರು.

ಸ್ಟೂಲಿಗೆ ಭಾರ ಬಿಟ್ಟರೆ ಬೇರೆ ಏನೂ ತಿಳಿಯುವುದಿಲ್ಲ. ಆದರೆ ಭಾರದಿಂದ ಬೇಕಾದಷ್ಟು ತಿಳಿಯುತ್ತದೆ. ಮೂಲವ್ಯಾಧಿಯವರು ಒಂದೇ ಕುಂಡಿಯ ಮೇಲೆ ಕೂತು "ತಲಿನೋವ್ರಿ" ಎನ್ನುತ್ತಾರೆ. ಹಿಂದಿನ ದಿನ ಕುಡಿದವರು ಉಸಿರು ಬಿಗಿಹಿಡಿದು ಕೂರುತ್ತಾರೆ. ಒಲ್ಲದ ಮನಸ್ಸಿನಿಂದ ಬಂದವರು ಅಂಚಿನಲ್ಲೇ ಇರುತ್ತಾರೆ. ಇವೆಲ್ಲಕ್ಕಿಂತ ನಾನು ಚೆನ್ನಾಗಿ ತಿಳಿದದ್ದು ಇನ್ನೊಂದಿದೆ. ಚೀಟಿ ಕೈಗೆ ಬಂದ ಮೇಲೆ ಕೆಲವರು ಏಳುತ್ತಾರೆ, ಆದರೆ ಪೂರ್ತಿ ಏಳುವುದಿಲ್ಲ. ಅರ್ಧ ಭಾರ ನನ್ನ ಮೇಲೇ ಉಳಿದಿರುತ್ತದೆ. ಆಗ ಒಂದು ಮಾತು ಬರುತ್ತದೆ. "ಮತ್ತ ಸಾಹೇಬ್ರ, ಇದೊಂದು..." ಅಂತ. ಬಂದದ್ದು ಆ ಮಾತಿಗಾಗಿಯೇ. ಜ್ವರ ಕೆಮ್ಮು ಬರೀ ನೆಪ. ಇದು ನನಗೆ ಮೊದಲ ವರ್ಷದಲ್ಲೇ ಗೊತ್ತಾಗಿತ್ತು. ಸ್ಟೂಲನ್ನು ಯಾರು ಕೇಳುತ್ತಾರೆ?

ಫಕೀರವ್ವ ಹಾಗೆ ಬರುತ್ತಿದ್ದಳು. ಸಾಲಿಯಲ್ಲಿ ಬಿಸಿಯೂಟ ಮಾಡುವವಳು, ಐವತ್ತೈದು ವರ್ಷ ದಾಟಿದವಳು. ಸೊಂಟ ನೋವು ಅನ್ನುತ್ತಿದ್ದಳು. "ದೊಡ್ಡ ಪಾತ್ರಿ ಎತ್ತಬ್ಯಾಡ" ಎಂದು ಡಾಕ್ಟರು ಗುಳಿಗೆ, ಮುಲಾಮು ಬರೆದರು. ಅವಳು ಅರ್ಧ ಎದ್ದಳು. ನನ್ನ ಬಲಗಾಲಿನ ಮೇಲೆ ಅವಳ ಭಾರ ಹಾಗೇ ನಿಂತಿತು.

"ಮತ್ತ್ರಿ..."

"ಏನ?"

"ಏನಿಲ್ರಿ."

ಹೋದಳು. ಎರಡು ತಿಂಗಳಿಗೆ ಮತ್ತೆ ಬಂದಳು. ಅದೇ ಸೊಂಟ, ಅದೇ ಗುಳಿಗೆ, ಅದೇ "ಏನಿಲ್ರಿ". ಮೂರನೆಯ ಸಲವೂ ಹಾಗೇ ಆಯಿತು. ನಾನು ಕಟ್ಟಿಗೆ ಆದರೂ ಕೂಗಬೇಕು ಅನ್ನಿಸಿತು.

ಮೂರನೆಯ ಸಲ ಅವಳು ಬಂದು ಹೋಗುವಾಗ ಕೋಣೆಯ ಮೂಲೆಯಲ್ಲಿ ಇನ್ನೊಬ್ಬರು ಇದ್ದರು. ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಿಂದ ಬಂದ ಡಾಕ್ಟರ್ ರೇಣುಕಾ. ಸಣ್ಣ ವಯಸ್ಸಿನ ಹೆಣ್ಣುಮಗಳು, ಮೇಲಿನ ಓದು ಓದುವವಳು. ನಮ್ಮಂಥ ಸಣ್ಣ ದವಾಖಾನೆಗಳಲ್ಲಿ ಡಾಕ್ಟರು ರೋಗಿಯ ಮಾತನ್ನು ಎಷ್ಟು ಹೊತ್ತು ಕೇಳುತ್ತಾರೆ ಎಂದು ತಿಳಿಯುವುದು ಅವಳ ಸಂಶೋಧನೆ. ಇಂದೂಧರ ಡಾಕ್ಟರು ಖುಷಿಯಿಂದಲೇ ಒಪ್ಪಿದ್ದರು. "ಬಾರವಾ, ನೋಡು. ನಮ್ಮಲ್ಲಿ ಮುಚ್ಚುಮರಿ ಇಲ್ಲ."

ಇಪ್ಪತ್ತು ದಿನ ಅವಳು ಕೈಯಲ್ಲಿ ಗಡಿಯಾರ ಹಿಡಿದು ಕೂತಳು. ಒಬ್ಬೊಬ್ಬರನ್ನೂ ಕೇಳಿ, ಒಪ್ಪಿದವರು ಇದ್ದಾಗ ಮಾತ್ರ ಬರೆದುಕೊಂಡಳು. ಒಪ್ಪದವರು ಬಂದರೆ ಎದ್ದು ಹೊರಗೆ ಹೋಗುತ್ತಿದ್ದಳು. ಒಬ್ಬ ಅಜ್ಜ ಗಡಿಯಾರ ನೋಡಿ, "ಏನ ತಂಗಿ, ನಮ್ಮ ಕೆಮ್ಮಿಗೂ ಓಟದ ಪಂದ್ಯ ಇಟ್ಟೀಯೇನ?" ಎಂದ. ಹೊರಗೆ ಕಸ್ತೂರೆವ್ವ ಎಲ್ಲರಿಗೂ "ಚಂದಾಗಿ ಕೆಮ್ಮರಿ, ಕಾಲೇಜಿನವರು ಬಂದಾರ" ಎಂದು ಹೇಳಿ ಕಳಿಸುತ್ತಿದ್ದಳು.

ಕೊನೆಯ ದಿನ ಮಧ್ಯಾಹ್ನ ಜನ ಖಾಲಿಯಾದ ಮೇಲೆ ರೇಣುಕಾ ನನ್ನ ಮೇಲೆ ಬಂದು ಕೂತಳು. ಕಾಗದ ಬಿಚ್ಚಿದಳು.

"ಸರ್, ರೋಗಿ ಮಾತು ಶುರು ಮಾಡಿದ ಮ್ಯಾಲ ನೀವು ನಡುವ ಬಾಯಿ ಹಾಕೋದು ಸರಾಸರಿ ಹನ್ನೊಂದು ಸೆಕೆಂಡಿಗೆ."

ಹೆಬ್ಬೆರಳು ನಿಂತಿತು.

"ಹನ್ನೊಂದ ಸೆಕೆಂಡ? ನಾ ಏನು ಇಲ್ಲಿ ಸೀಟಿ ಹಿಡಕೊಂಡು ನಿಂತೀನೇನವಾ?"

"ಇನ್ನೊಂದೈತಿ ಸರ್. ಹತ್ತು ಮಂದ್ಯಾಗ ಮೂರು ಮಂದಿ ಎದ್ದ ಮ್ಯಾಲ ಹೊಸಾ ವಿಷಯ ಹೇಳ್ತಾರ. ಹೇಳಾಕ ಬಂದು ಹೇಳದ ಹೋದವರು ಇನ್ನ ಎಷ್ಟೋ, ಅದು ನನ್ನ ಎಣಿಕೆಗೆ ಸಿಕ್ಕಿಲ್ಲ." ಅವಳು ನನ್ನ ಅಂಚನ್ನು ಮುಟ್ಟಿದಳು. "ಈ ಸ್ಟೂಲೂ ಒಂದು ಕಾರಣ ಅನ್ನಿಸ್ತೈತಿ ಸರ್. ಇದರ ಮ್ಯಾಲ ಕುಂತರ ಎದ್ದು ಹೋಗೂಣು ಅನ್ನಿಸ್ತೈತಿ."

ನನಗೆ ಏನಾಯಿತು ಅಂತ ಹೇಗೆ ಹೇಳಲಿ? ಕಟ್ಟಿಗೆ ಬಿರುಕು ಬಿಡುವುದು ಬಿಸಿಲಿನಿಂದ ಮಾತ್ರ ಅಲ್ಲ.

ಡಾಕ್ಟರಿಗೆ ಸಿಟ್ಟು ಬಂತು. "ತೊಂಬತ್ತು ಮಂದಿನ ನೀ ಒಂದು ದಿನ ನೋಡು, ಆಮ್ಯಾಲ ಗಡಿಯಾರ ಹಿಡಿ" ಎಂದರು. ಅವಳು ತಲೆ ತಗ್ಗಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ. ತಮ್ಮ ವಿಭಾಗದಲ್ಲಿ ಹೊಸ ಪಾಠ ಶುರುಮಾಡುತ್ತಾರಂತೆ. ಈ ಎಣಿಕೆಯನ್ನು ದವಾಖಾನೆಯ ಹೆಸರಿನೊಂದಿಗೆ ವಿದ್ಯಾರ್ಥಿಗಳ ಮುಂದೆ ಇಡಲು ಅವರ ಒಪ್ಪಿಗೆ ಬೇಕಂತೆ. ಒಪ್ಪಿದರೆ, ಓದು ಮುಗಿಸುವ ಹುಡುಗ ಹುಡುಗಿಯರನ್ನು ತಿಂಗಳಿಗೊಮ್ಮೆ ಇಲ್ಲಿಗೇ ಕಲಿಯಲು ಕಳಿಸುತ್ತಾರಂತೆ. "ಒಪ್ಪದಿದ್ದರೂ ನಿಮ್ಮ ಮ್ಯಾಲ ಗೌರವ ಕಮ್ಮಿ ಆಗಂಗಿಲ್ಲ ಸರ್" ಎಂದು ಹೇಳಿ, ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯೊಂದನ್ನು ಇಟ್ಟು ಹೋದಳು.

ಡಾಕ್ಟರು ಅದನ್ನು ಮೇಜಿನ ಖಾನೆಗೆ ಹಾಕಿದರು. ಊರಿಗೆ ಗೊತ್ತಾದರೆ ನಗುತ್ತಾರೆ ಎಂಬ ಅಂಜಿಕೆ. ಮಾರನೆಯ ತಿಂಗಳು ಅವಳು ಫೋನ್ ಮಾಡಿದಳು. "ಬರೀತೀನವಾ, ಬರೀತೀನಿ." ಅದರ ಮುಂದಿನ ತಿಂಗಳೂ ಅದೇ ಉತ್ತರ. ಆಮೇಲೆ ಅವಳೂ ಫೋನ್ ಮಾಡುವುದನ್ನು ಬಿಟ್ಟಳು.

ಆದರೆ ಮನುಷ್ಯನ ಒಳಗೆ ಏನೋ ನಾಟಿತ್ತು. ಒಂದು ದಿನ ಪೆನ್ನು ಕೆಳಗಿಟ್ಟು, ಬಾಯಿ ಮುಚ್ಚಿ ಕೂತರು. ಎದುರಿಗಿದ್ದವನು ಎಣ್ಣೆ ಗಾಣದ ಬಸಲಿಂಗಪ್ಪ. ಸ್ವಲ್ಪ ಹೊತ್ತು ಹೇಳಿದ, ನಿಲ್ಲಿಸಿದ, ಡಾಕ್ಟರ ಮುಖ ನೋಡಿದ. ಡಾಕ್ಟರು ಸುಮ್ಮನೇ ಇದ್ದರು. ಬಸಲಿಂಗಪ್ಪ ನನ್ನ ಮೇಲೆ ನಡುಗತೊಡಗಿದ.

"ಯಾಕ್ರಿ ಸಾಹೇಬ್ರ, ಮಾತಾಡವಲ್ರಿ? ಭಾಳ ಕೆಟ್ಟೈತೇನ್ರಿ ನಂದು?"

ಹೊರಗೆ ಹೋಗಿ ಎಲ್ಲರಿಗೂ "ಡಾಕ್ಟರಿಗ ಮೈಯಾಗ ಆರಾಮ ಇಲ್ಲ" ಅಂತ ಸುದ್ದಿ ಹಬ್ಬಿಸಿದ. ಕೇಳುವುದು ಅಷ್ಟು ಸುಲಭದ ವಿದ್ಯೆ ಅಲ್ಲ ಅಂತ ಅವತ್ತು ನನಗೂ ತಿಳಿಯಿತು.

ಎಂಟು ತಿಂಗಳು ಕಳೆದವು. ಫಕೀರವ್ವ ನಾಲ್ಕನೆಯ ಸಲ ಬಂದಳು. ಈ ಸಲ ಅವಳ ಭಾರವೇ ಕಡಿಮೆ. ಸೊಂಟ ಎಂದಳು. ಡಾಕ್ಟರು ಗುಳಿಗೆ ಬರೆದರು. ಅವಳು ಎದ್ದಳು, ಅರ್ಧ.

"ಮತ್ತ್ರಿ..."

ಡಾಕ್ಟರು "ಏನ?" ಅನ್ನಲಿಲ್ಲ. ಬರೆದ ಚೀಟಿಯನ್ನು ಅವಳ ಕೈಯಿಂದ ಹಿಂದಕ್ಕೆ ತೆಗೆದುಕೊಂಡು, ಎರಡಾಗಿ ಹರಿದರು.

"ಫಕೀರವ್ವಾ, ಕುಂಡ್ರವಾ. ನಾ ಇನ್ನ ಏನೂ ಬರದಿಲ್ಲ ಅಂತ ತಿಳಕೊ. ಕಸ್ತೂರೆವ್ವಾ, ಪರದೆ ಪೂರ್ತಿ ಎಳಿ. ನೀ ಇಲ್ಲೇ ಇವಳ ಬಾಜೂಕ ನಿಂದರು."

ಹೊರಗೆ ಯಾರೋ "ಇನ್ನ ಎಷ್ಟೊತ್ತ್ರೀ?" ಎಂದು ಕೂಗಿದರು. ಆಮೇಲೆ ಫಕೀರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೇಳಿದಳು.

"ಮುಟ್ಟು ನಿಂತು ಆರು ವರ್ಷ ಆಗಿತ್ರಿ. ಈಗ ಒಂದು ವರ್ಷದಿಂದ ಮತ್ತ ಕಾಣಸಾಕತ್ತೈತ್ರಿ. ನಮ್ಮ ಚಿಗವ್ವಗೂ ಹಿಂಗ ಆಗಿತ್ತು. ಅಕಿ ಉಳೀಲಿಲ್ರಿ."

ಹೇಳಿ ಮುಗಿಸಿದ ಕೂಡಲೇ ಅವಳ ಪೂರ್ತಿ ಭಾರ ನನ್ನ ಮೇಲೆ ಇಳಿಯಿತು. ಅಷ್ಟು ದಿನದಲ್ಲಿ ಅದೇ ಮೊದಲು.

ಡಾಕ್ಟರು ಅವಳನ್ನು ಹೆದರಿಸಲಿಲ್ಲ, ಸುಳ್ಳು ಧೈರ್ಯವನ್ನೂ ಕೊಡಲಿಲ್ಲ. "ಏನೈತಿ ಅನ್ನೋದು ನೋಡಿದ ಮ್ಯಾಲ ಗೊತ್ತಾಗ್ತೈತಿ. ನೋಡೂಣು" ಎಂದರು. ಗದಗಿನ ಹೆಂಗಸರ ಡಾಕ್ಟರಿಗೆ ಆಗಲೇ ಫೋನ್ ಮಾಡಿದರು. ಮರುದಿನ ಕಸ್ತೂರೆವ್ವನೇ ಅವಳ ಜೊತೆ ಬಸ್ಸು ಹತ್ತಿದಳು. ಅಲ್ಲಿ ಒಳಗಿನ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರಂತೆ.

ಆಮೇಲಿನ ಹದಿನೈದು ದಿನ ದವಾಖಾನೆ ದವಾಖಾನೆಯ ಹಾಗಿರಲಿಲ್ಲ. ಪರದೆ ಅಲುಗಿದಾಗಲೆಲ್ಲ ಡಾಕ್ಟರು ಕತ್ತೆತ್ತುತ್ತಿದ್ದರು. ಜನ ಇಲ್ಲದಾಗ ಮೇಜಿನ ಮೇಲೆ ಕೈಯೂರಿ, "ಒಂದು ವರ್ಷ, ಕಸ್ತೂರೆವ್ವಾ. ಮೂರು ಸಲ ನನ್ನ ಮುಂದ ಕುಂತು ಹೋದ್ಲು" ಎನ್ನುತ್ತಿದ್ದರು.

ಹದಿನಾರನೆಯ ದಿನ ಫಕೀರವ್ವ ಸರದಿ ಹಿಡಿಯದೆ ನೇರ ಒಳಗೆ ಬಂದಳು. ಕೈಯಲ್ಲಿ ರಿಪೋರ್ಟು.

"ಆ ರೋಗ ಅಲ್ಲಂತ್ರಿ! ಒಳಗ ಸಣ್ಣದೊಂದು ಮಾಂಸದ ಗಂಟಿತ್ತಂತ, ತಗದಾರ. ಕೆಟ್ಟದ್ದೇನೂ ಇಲ್ಲಂತ್ರಿ!"

ಡಾಕ್ಟರು ರಿಪೋರ್ಟನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. ಮೇಜಿನ ಕೆಳಗೆ ಅವರ ಎರಡೂ ಕಾಲು ಚಪ್ಪಲಿಯಿಂದ ಹೊರಗೆ ಬಂದು ತಣ್ಣನೆಯ ನೆಲದ ಮೇಲೆ ಅಗಲವಾಗಿ ಊರಿದವು. ನೋಡಿ, ನನ್ನ ಆಯುಷ್ಯದಲ್ಲಿ ಅಂಥ ನಿಶ್ಚಿಂತೆಯ ಕಾಲುಗಳನ್ನು ಕಂಡಿಲ್ಲ.

"ಅಲ್ಲ, ಇಷ್ಟು ದಿನ ಯಾಕ ಹೇಳಲಿಲ್ಲ ನೀ?"

"ನೀವು ಚೀಟಿ ಬರದ ಮುಗಿಸಿರತಿದ್ರಲ್ರಿ. ಮುಗದದ್ದನ್ನ ನಾ ಮತ್ತ ಎಲ್ಲಿಂದ ತಗೀಲಿ?" ಅವಳು ನಗುತ್ತಲೇ ಹೇಳಿದಳು, ಆಪಾದನೆ ಇರಲಿಲ್ಲ. ಆಮೇಲೆ ನನ್ನನ್ನು ಒಮ್ಮೆ ತಟ್ಟಿ, "ಮತ್ತ ಇದೊಂದು ಸ್ಟೂಲ್ರಿ! ಸೊಂಟನೋವು ಅಂತ ಬಂದವರಿಗೆ ಬೆನ್ನು ಆನಿಸಾಕ ಜಾಗಾ ಇಲ್ಲ. ಎದ್ದು ಹೋದರ ಸಾಕಾಗಿರತಿತ್ತು" ಎಂದಳು.

ಮಾರನೆಯ ದಿನ ಡಾಕ್ಟರು ಮನೆಯಿಂದ ಕೈಯಿರುವ ಬೆತ್ತದ ಕುರ್ಚಿ ತರಿಸಿದರು. ಅದನ್ನು ಮೇಜಿನ ಎದುರಿಗಲ್ಲ, ತಮ್ಮ ಪಕ್ಕಕ್ಕೆ ಹಾಕಿಸಿದರು. ನಾನು ಮೂಲೆಗೆ ಬಂದೆ, ಕುಡಿಯುವ ನೀರಿನ ಕೊಡ ಹೊತ್ತುಕೊಂಡೆ.

ಬೇಸರ ಆಯಿತೇ ಎಂದರೆ, ಮೊದಲ ದಿನ ಆಯಿತು. ಈಗಿಲ್ಲ. ನನ್ನಿಂದ ಎಷ್ಟು ಜನ ಹೇಳಬೇಕಾದದ್ದನ್ನು ನುಂಗಿಕೊಂಡು ಎದ್ದು ಹೋದರೋ, ಆ ಕಳವಳ ನನ್ನ ಕೀಲುಗಳಲ್ಲಿ ಬಹಳ ದಿನ ಇತ್ತು. ನನ್ನನ್ನು ಮಾಡಿದ್ದೇ ಹಾಗೆ, ಅದು ನನ್ನ ತಪ್ಪಲ್ಲ ಎಂದು ಸಮಾಧಾನ ಹೇಳಿಕೊಂಡದ್ದೂ ಉಂಟು. ಡಾಕ್ಟರನ್ನೂ ಹಾಗೇ ಮಾಡಿದ್ದರಲ್ಲವೇ? ಆದರೆ ಮಾಡಿದ ಹಾಗೇ ಕೊನೆಯ ತನಕ ಇರಬೇಕಾದದ್ದು ಕಟ್ಟಿಗೆ ಮಾತ್ರ. ಮನುಷ್ಯರು ಅರವತ್ತೆಂಟನೆಯ ವಯಸ್ಸಿನಲ್ಲೂ ಬೇರೆ ರೀತಿ ಕೂರುವುದನ್ನು ಕಲಿಯುತ್ತಾರೆ. ಅದನ್ನು ನಾನು ಕಂಡಿದ್ದೇನೆ. ಈಗ ನನ್ನ ಮೇಲಿರುವ ಕೊಡಕ್ಕೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹೊರುವುದು ಹಗುರ.

ನಿನ್ನೆ ಮಧ್ಯಾಹ್ನ ಜನ ಕರಗಿದ ಮೇಲೆ ಡಾಕ್ಟರು ಮೇಜಿನ ಖಾನೆ ಎಳೆದು ಲಕೋಟೆ ಹೊರಗೆ ತೆಗೆದರು. ಕಾಗದ ಬರೆದರು. ಬರೆದದ್ದನ್ನು ಕಸ್ತೂರೆವ್ವನಿಗೆ ಓದಿ ಹೇಳಿದರು.

"ಡಾಕ್ಟರ್ ರೇಣುಕಾ ಅವರಿಗೆ. ನಿಮ್ಮ ಎಣಿಕೆ ಸರಿಯಾಗಿದೆ. ನನ್ನ ಹೆಸರನ್ನು ಮುಚ್ಚಬೇಡಿ. ಅದರ ಜೊತೆಗೆ ಇದನ್ನೂ ಸೇರಿಸಿ: ಒಬ್ಬ ಹೆಣ್ಣುಮಗಳು ನಾಲ್ಕು ಸಲ ಬಂದಳು, ಮೂರು ಸಲ ನಾನು ಕೇಳಿಸಿಕೊಳ್ಳಲಿಲ್ಲ. ಅವಳ ಹೆಸರು ಬೇಡ, ಸಂಗತಿ ಹೇಳಲು ಅವಳು ಒಪ್ಪಿದ್ದಾಳೆ. ನಾನು ಓದುವಾಗ ಮಂಚದ ಮೇಲೆ ಮಲಗಿದವರನ್ನು ತೋರಿಸಿ ಕಲಿಸಿದರು. ಎದುರಿಗೆ ಕೂತವರನ್ನು ಯಾರೂ ತೋರಿಸಲಿಲ್ಲ. ನಿಮ್ಮ ವಿದ್ಯಾರ್ಥಿಗಳನ್ನು ಕಳಿಸಿ. ಸಂತೆಯ ದಿನವೇ ಕಳಿಸಿ. ಆ ಗದ್ದಲದಲ್ಲಿ ಕೇಳುವುದನ್ನು ಕಲಿತರೆ ಎಲ್ಲಿಯಾದರೂ ಬದುಕುತ್ತಾರೆ. ನಾನೂ ಅವರ ಜೊತೆ ಕಲಿಯುತ್ತೇನೆ. ತಡವಾಯಿತು, ಕ್ಷಮಿಸಿ."

"ಮಂದಿ ನಗ್ತಾರ ಅಂತಿದ್ರಿ?" ಎಂದಳು ಕಸ್ತೂರೆವ್ವ.

"ನಗಲಿ ಬಿಡು."

ಲಕೋಟೆಯ ಅಂಟು ಒಣಗಿಹೋಗಿತ್ತು. ಕಸ್ತೂರೆವ್ವ ತನ್ನ ಬುತ್ತಿ ಬಿಚ್ಚಿ, ನಾಲ್ಕು ಅಗಳು ಅನ್ನ ತಿಕ್ಕಿ ಅಂಟಿಸಿದಳು. "ಕೊಡ್ರಿ, ನಾ ಹಾಕಿ ಬರ್ತೀನಿ" ಎಂದು ಕೈ ಚಾಚಿದಳು.

"ಬ್ಯಾಡ. ನಾನ ಹೋಗ್ತೀನಿ."

ನನ್ನ ಮೂಲೆಯಿಂದ ಬಾಗಿಲಿನ ಕೆಳಗಿನ ಅರ್ಧ ಮಾತ್ರ ಕಾಣುತ್ತದೆ. ಕಂದು ಚಪ್ಪಲಿಗಳು ಮೆಟ್ಟಿಲಿಳಿದು, ರಸ್ತೆ ದಾಟಿ, ಅಂಚೆ ಡಬ್ಬಿಯ ಗೋಡೆಯ ಹತ್ತಿರ ನಿಂತವು. ಹಿಮ್ಮಡಿಗಳು ಸ್ವಲ್ಪ ಮೇಲೆದ್ದವು. ಮತ್ತೆ ನೆಲ ಮುಟ್ಟಿದವು.