ಹೊನ್ನವ್ವನ ತುಂಬಿದ ಬುಟ್ಟಿ

ಇಂಗಳೇಶ್ವರದ ಹೊನ್ನವ್ವನ ಮನೆಯಲ್ಲಿ ರೊಟ್ಟಿ ಬುಟ್ಟಿ ಖಾಲಿಯಾದದ್ದನ್ನು ಕಂಡವರಿಲ್ಲ. ಯಾರಾದರೂ ಬಂದಾರು ಎಂದು ದಿನವೂ ಒಂದಿಷ್ಟು ಹೆಚ್ಚೇ ಬಡಿಯುವಳು. ಊಟಕ್ಕೆ ಎಷ್ಟು ಮಂದಿ ಎಂದು ಸೊಸೆ ವಿದ್ಯಾವತಿ ಕೇಳಿದರೆ ಸಿಟ್ಟು.

"ಉಣ್ಣೋರ ತಲಿ ಎಣಿಸಿ ಅಡಿಗಿ ಮಾಡಾಕ ಇದೇನ್ ಖಾನಾವಳಿ ಏನ?"

ಉಳಿದದ್ದೆಲ್ಲ ಹಿತ್ತಲಿನ ಎಮ್ಮೆಗೆ. ತನ್ನ ಮನೆಯಲ್ಲಿ ಒಂದು ಅಗಳೂ ಕೆಡುವುದಿಲ್ಲ ಎಂದು ಮಹಿಳಾ ಸಂಘದ ಸಭೆಯಲ್ಲಿ ಹೇಳಿಕೊಳ್ಳುತ್ತಿದ್ದಳು. ಎಮ್ಮೆಗೂ ಹೆಚ್ಚಾದದ್ದು ಪ್ಲಾಸ್ಟಿಕ್ ಚೀಲದಲ್ಲಿ ತಿಪ್ಪೆ ಸೇರುತ್ತಿತ್ತು. ಅದನ್ನು ಮಾತ್ರ ಹೇಳುತ್ತಿರಲಿಲ್ಲ.

ಈ ಸಲದ ಅಮಾವಾಸ್ಯೆಗೆ ದೊಡ್ಡ ಪಾತ್ರೆ ತುಂಬ ಗೋದಿ ಹುಗ್ಗಿ ಮಾಡಿದಳು. ಬರಬೇಕಾದ ಬೀಗರು ಬರಲಿಲ್ಲ. ಅರ್ಧಕ್ಕರ್ಧ ಉಳಿಯಿತು. ಗಬ್ಬದ ಎಮ್ಮೆ, ಹೊಟ್ಟೆ ತುಂಬ ತಿನ್ನಲಿ ಎಂದು ಸಂಜೆ ಅದರ ಮುಂದೆ ಸುರುವಿದಳು.

ಬೆಳಗಾದರೆ ಎಮ್ಮೆ ಮೇವು ಮುಟ್ಟಲಿಲ್ಲ, ಮೆಲುಕು ಹಾಕಲಿಲ್ಲ. ಎಡಹೊಟ್ಟೆ ಉಬ್ಬಿತ್ತು. ಯಾರದೋ ಕಣ್ಣು ಬಿದ್ದಿದೆ ಎಂದು ಹೊನ್ನವ್ವ ಮೆಣಸಿನಕಾಯಿ ನಿವಾಳಿಸತೊಡಗಿದಳು. ವಿದ್ಯಾವತಿ ಓಡಿಹೋಗಿ, ಊರಿನ ದನಕರುಗಳ ಆರೈಕೆ ನೋಡುವ ಪಶುಸಖಿ ಜಯಮಾಲಾಳನ್ನು ಕರೆತಂದಳು. ಜಯಮಾಲಾ ಹೊಟ್ಟೆ ಒತ್ತಿ ನೋಡಿ, ಏನು ತಿನ್ನಿಸಿದ್ದು ಎಂದು ಕೇಳಿ, ಬಾಗೇವಾಡಿಯ ಪಶುವೈದ್ಯರಿಗೆ ಫೋನ್ ಹಚ್ಚಿ, ಹೊನ್ನವ್ವನ ಕಡೆ ತಿರುಗಿದಳು.

"ಕಣ್ಣ ಯಾರದೂ ಅಲ್ಲ ದೊಡ್ಡವ್ವ, ಹುಗ್ಗಿ ನಿಮ್ಮದು. ಒಮ್ಮಿಗೇ ಇಷ್ಟು ತಿಂದ್ರ ಹೊಟ್ಯಾಗ ಹುಳಿಯಾಗಿ ಜೀವಕ್ಕ ಬರ್ತೈತಿ."

ವೈದ್ಯರು ಬಂದು ಔಷಧ ಕೊಟ್ಟರು. ಇನ್ನಷ್ಟು ತಡವಾಗಿದ್ದರೆ ಎಮ್ಮೆಯೂ ಕರುವೂ ಉಳಿಯುತ್ತಿರಲಿಲ್ಲ ಎಂದರು. ಹೊನ್ನವ್ವ ಎಮ್ಮೆಯ ಪಕ್ಕ ಬಿಟ್ಟು ಏಳಲಿಲ್ಲ. ಮರುದಿನ ಬಿಸಿಲೇರಿದ ಮೇಲೆ ಅದು ದವಡೆ ಆಡಿಸಿತು. ಆಗಲೇ ಅವಳು ಒಂದು ಲೋಟ ಚಹಾ ಕುಡಿದದ್ದು.

"ಹಂಗಾರ ಉಳಿದಿದ್ದು ತಿಪ್ಪಿಗೇ ಹಾಕಬೇಕೇನ?" ಎಂದು ಎಮ್ಮೆ ನೋಡಲು ಬಂದಿದ್ದ ಜಯಮಾಲಾಳನ್ನು ಕೇಳಿದಳು.

ಚೀಲದಲ್ಲಿ ಕಟ್ಟಿ ಎಸೆದ ಅನ್ನ ಕೊಳೆತು ಏಳುವ ಗ್ಯಾಸು ಭೂಮಿಯನ್ನು ಇನ್ನಷ್ಟು ಕಾಯಿಸುತ್ತದೆ ಎಂದು ಜಯಮಾಲಾ ತಿಳಿಸಿ ಹೇಳಿದಳು. ಕಾಳು ಬೆಳೆಯಲು ಹರಿಸಿದ ನೀರು, ಬೇಯಿಸಲು ಸುಟ್ಟ ಸಿಲಿಂಡರು, ಎಲ್ಲವೂ ಅದರೊಂದಿಗೇ ತಿಪ್ಪೆಗೆ ಹೋದಂತೆ. ಅದಕ್ಕೇ ಮನೆಯವರನ್ನು ಕೇಳಿ ಅಡುಗೆ ಮಾಡಬೇಕು ಎಂದಳು.

"ಮಂದಿ ಬಂದ್ರ?"

"ಹಿಟ್ಟ ಡಬ್ಬ್ಯಾಗ ಇರ್ತೈತಲ್ರಿ. ಬಂದೋರಿಗೆ ಬಿಸಿ ರೊಟ್ಟಿ ಬಡದು ಕೊಡೋದು ಮರ್ಯಾದಿನೋ, ಮುಂಜಾನಿದು ಮುಂದಿಡೋದು ಮರ್ಯಾದಿನೋ? ನೀವ ಹೇಳ್ರಿ."

ಮರುದಿನ ಹೊನ್ನವ್ವ ಬಾಗಿಲಿಗೆ ಅಡ್ಡ ನಿಂತು, ಮಧ್ಯಾಹ್ನ ಊಟಕ್ಕೆ ಮನೆಗೋ ಹೊಲಕ್ಕೋ ಎಂದು ಗಂಡ ಪರಪ್ಪನನ್ನು ಕೇಳಿದಳು.

"ಲಗ್ನಾದಾಗಿಂದ ಇವತ್ತ ಕೇಳಿದಿ ನೋಡು" ಎಂದು ಅವನು ನಕ್ಕ.

ಈಗ ಮಿಕ್ಕ ರೊಟ್ಟಿಯನ್ನು ಅಂದೇ ಒಣಗಿಸಿ ಗರಿಗರಿಯಾದ ಕಟಕ್ ರೊಟ್ಟಿ ಮಾಡಿ ಇಡುತ್ತಾರೆ. ಬೇಕಾದಾಗ ಮುರಿದು, ಮಜ್ಜಿಗೆಯಲ್ಲಿ ನೆನೆಸಿ, ಒಗ್ಗರಣೆ ಕೊಡುತ್ತಾರೆ. ತರಕಾರಿ ಸಿಪ್ಪೆ, ಕೆಟ್ಟ ಕಾಯಿ ಗೊಬ್ಬರದ ಗುಂಡಿಗೆ ಹೋಗುತ್ತವೆ.

ಎಮ್ಮೆ ಈದಿದೆ, ಕರು ನೆಟ್ಟಗಿದೆ. ಹೊನ್ನವ್ವ ಗಿಣ್ಣ ಮಾಡಿ, ತಲೆ ಎಣಿಸಿ, ಓಣಿಗೆಲ್ಲ ಹಂಚಿದಳು. ಪಾತ್ರೆಯಲ್ಲಿ ಒಂದು ಚೂರೂ ಉಳಿಯಲಿಲ್ಲ. ಅವಳ ಪಾಲಿಗೂ ಉಳಿಯಲಿಲ್ಲ.

ವಿದ್ಯಾವತಿ ತನ್ನ ಬಟ್ಟಲಿನಿಂದ ಅರ್ಧ ಅತ್ತೆಗೆ ಹಾಕಿದಳು. "ಎಣಿಸೋ ಮುಂದ ನಿಮ್ಮದೂ ಒಂದು ತಲಿ ಹಿಡೀರಿ, ಅತ್ತಿ."

ಅಕ್ಕಂದಿರೇ, ಇಂದು ಒಲೆ ಹಚ್ಚುವ ಮೊದಲು ಯಾರು ಯಾರು ಉಣ್ಣುತ್ತೀರಿ ಎಂದು ಒಂದು ಮಾತು ಕೇಳಿರಿ. ಅಣ್ಣಂದಿರೇ, ಅವರು ಕೇಳುವ ತನಕ ಕಾಯಬೇಡಿರಿ, ನೀವೇ ಹೇಳಿ ಹೋಗಿರಿ.