ಚಿತ್ರ ಮುಚ್ಚಿದ ಮೇಲೆ

ಕೇತಕಿ ಪುಟ ತಿರುಗಿಸುವ ಮೊದಲೇ ಆಚೆ ಪುಟದ ಮಾತು ಅವಳ ಬಾಯಿಂದ ಹೊರಬಿತ್ತು. ಇಂದೂಗೆ ಅನುಮಾನ ಹತ್ತಿದ್ದು ಅಲ್ಲಿಂದಲೇ.

ಕೇತಕಿ ಇಂದೂಳ ಅಣ್ಣ ಮಧುಕರನ ಮಗಳು, ಮರಾಠಿ ನಾಡಿನ ಹಡಪಸರದ ಇಂಗ್ಲಿಷ್ ಶಾಲೆಯಲ್ಲಿ ಒಂದನೇ ಇಯತ್ತೆ. ಮಗುವಿನ ನಾಲಿಗೆಯಲ್ಲಿ ಧಾರವಾಡದ ಕನ್ನಡವಿತ್ತು, ಅಕ್ಷರ ಬರುತ್ತಿರಲಿಲ್ಲ. ಅದಕ್ಕೇ ಪ್ರತಿ ರವಿವಾರ ರಾಜೀವಿಯಮ್ಮನ ಹೋಟೆಲಿನ ಮಾಳಿಗೆಯ ಮೇಲೆ ಕನ್ನಡ ವರ್ಗ. ಕರೆದೊಯ್ಯುವ ಕೆಲಸ ಇಂದೂದು. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ಅವಳು. ವಾರವಿಡೀ ಅಣ್ಣನ ಮನೆಯ ಕುಕ್ಕರು, ಒಗೆದ ಬಟ್ಟೆ. ರವಿವಾರವೊಂದೇ ಬಸ್ಸು ಹತ್ತುವ ದಿನ. ಹಿಂದಿನ ಚಾಪೆಯ ಮೇಲೆ ಕೂತು, ಯಾರ ಕಣ್ಣಿಗೂ ಬೀಳದೆ ಪಾಠ ಕೇಳುವ ದಿನ.

ರಾಜೀವಿಯಮ್ಮ ಉಡುಪಿ ಕಡೆಯವರು. ಒಂದೇ ಬಾಲದ, ಅಂದರೆ ಒಂದೇ ಅಕ್ಷರದಲ್ಲಿ ಮುಗಿಯುವ, ಪದಗಳನ್ನೆಲ್ಲ ಒಂದು ಮನೆಗೆ ಸೇರಿಸಿ, ಮನೆಗೊಂದು ಚಿತ್ರಪುಸ್ತಕ ತಾವೇ ಬರೆದು ಹೊಲಿಯುತ್ತಿದ್ದರು. ಕೇತಕಿಗೆ ಸಿಕ್ಕದ್ದು ‘ಳ್ಳಿ’ ಮನೆ.

ಹಳ್ಳಿಗೆ ಹೊರಟಳು ಬೆಳ್ಳಿ,
ದಾರಿಗೆ ಅಡ್ಡ ಬಳ್ಳಿ,
ಬುಟ್ಟಿಯ ತುಂಬ ನೀರುಳ್ಳಿ.

ಆ ನೀರುಳ್ಳಿಗೆ ಅಣ್ಣ ಮರುಳಾಗಿದ್ದ. “ನಾವು ಉಳ್ಳಾಗಡ್ಡಿ ಅಂತೀವಿ, ನೀ ಕಾಂದಾ ಅಂತಿ. ಓದಲಾರ್ದ ಇಕಿ ಬಾಯಾಗ ನೀರುಳ್ಳಿ ಎಲ್ಲಿಂದ ಬಂತು, ಹೇಳು ನೋಡೂಣು,” ಎಂದು ಹೆಂಡತಿಯನ್ನು ಕೆಣಕಿದ್ದ.

ಅತ್ತಿಗೆ ಪ್ರಾಚಿ ಮರಾಠಿ ಮನೆಯ ಹುಡುಗಿ. ಕನ್ನಡ ಮಾತು ಕಲಿತಿದ್ದಳು, ಅಕ್ಷರ ಕಲಿತಿರಲಿಲ್ಲ. ಮಗಳನ್ನು ರವಿವಾರ ಅಬ್ಯಾಕಸ್ ಲೆಕ್ಕದ ವರ್ಗಕ್ಕೆ ಹಾಕಬೇಕೆಂಬುದು ಅವಳ ಆಸೆ. “ಖರೇನ ಓದಾಕತ್ತಿದ್ರ ಇರ್ಲಿ. ಬರೇ ಗಿಳಿಪಾಠ ಇದ್ರ ಬಂದ್ ಮಾಡೂಣು,” ಅಂದಿದ್ದಳು.

ಇಂದೂ ಕೇತಕಿಯನ್ನೇ ಗಮನಿಸಿದಳು. ನೀರುಳ್ಳಿ ಅನ್ನುವಾಗ ಮಗುವಿನ ಕಣ್ಣು ಅಕ್ಷರದ ಮೇಲಿರಲಿಲ್ಲ, ಬುಟ್ಟಿಯ ಚಿತ್ರದ ಮೇಲಿತ್ತು. ವರ್ಗದಲ್ಲೂ ನೋಡಿದಳು. ಪಾಲಕರ ಮುಂದೆ ಓದಲು ಪ್ರತಿ ಮಗುವಿಗೂ ತನ್ನದೇ ಪುಸ್ತಕ, ಪಕ್ಕದವರದ್ದು ಯಾರಿಗೂ ಇಲ್ಲ. ಬೇರೆ ಪುಸ್ತಕ ಕೊಟ್ಟರೆ ಬಾಯಿಪಾಠ ಬಯಲಾದೀತೆಂದೇ? ಪಾಲಕರನ್ನು ಬಾಗಿಲಲ್ಲಿ ನಿಂತು ಮಾತಾಡಿಸುವ ರಾಜೀವಿಯಮ್ಮನ ನಗುವೂ ತುಸು ಹೆಚ್ಚಾಯಿತು ಅನಿಸಿತು.

ಆ ರವಿವಾರ ಎಲ್ಲರೂ ಇಳಿದುಹೋಗಲಿ ಎಂದು ಚಾಪೆ ಸುತ್ತುತ್ತ ನಿಂತಳು. ಕೊನೆಗೆ ನೆಲ ನೋಡುತ್ತಲೇ ಕೇಳಿದಳು.

“ಬಾಯಿಪಾಠ ಅಲ್ಲೇನ್ರಿ ಇದು?”

“ಬಾಯಿಪಾಠವೇ ಮಾರಾಯ್ತಿ,” ರಾಜೀವಿಯಮ್ಮ ತಡವರಿಸಲಿಲ್ಲ. “ಮೊದಲು ಕಿವಿ ಬಾಲ ಹಿಡೀಬೇಕು. ಕಣ್ಣು ಆಮೇಲೆ ಹಿಡೀತದೆ.”

“ಮತ್ತ ಅಪ್ಪ ಅವ್ವಗ ಓದ್ತಾರ ಅಂತ ತೋರಸ್ತೀರಿ?”

“ತೋರಿಸದಿದ್ರೆ ಮರುವಾರ ಕಳಿಸ್ತಾರಾ ಇವ್ರು?”

ಬಸ್ಸಿನಲ್ಲಿ ಕೇತಕಿ ಹಾಡುತ್ತಲೇ ಇದ್ದಳು. ಇಂದೂ ಲೆಕ್ಕ ಹಾಕಿದಳು. ತನ್ನ ಅನುಮಾನ ಸುಳ್ಳಲ್ಲ. ಸುಮ್ಮನಿದ್ದರೆ ತಾನೂ ಆ ನಗುವಿನ ಪಾಲುದಾರಳು. ಹೇಳಿದರೆ ರವಿವಾರ ಹೋಯಿತು.

ಸಂಜೆ ಪ್ರಾಚಿ ಪುಸ್ತಕ ತಂದು ನೆಲದ ಮೇಲಿಟ್ಟಳು. “ಇಂದೂ, ಇಕಿ ಓದ್ತಾಳೋ ಇಲ್ಲೋ ನೀ ನೋಡಿ ಹೇಳು. ಇಕಿ ಅಪ್ಪನ ಮಾತು ನಾ ನಂಬೂದಿಲ್ಲ, ನಿಂದು ನಂಬ್ತೀನಿ.”

ಒಂದು ಹೂಂ ಅಂದರೆ ಮುಗಿಯುತ್ತಿತ್ತು. ಇಂದೂ ನಡುವಿನ ಪುಟ ತೆಗೆದು ಚಿತ್ರದ ಮೇಲೆ ಅಂಗೈ ಇಟ್ಟಳು.

ಕೇತಕಿ ಕೈಯನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ಇಂದೂ ‘ಬಳ್ಳಿ’ಯ ಕೆಳಗೆ ಬೆರಳಿಟ್ಟಳು.

“...ಳ್ಳಿ,” ಅಂದಿತು ಮಗು.

ಇನ್ನೊಂದು ಪುಟ. ‘ನೀರುಳ್ಳಿ’ಗೂ ಬರೀ “...ಳ್ಳಿ.” ಇಂದೂ ಅದೇ ಸಾಲಿನ ‘ಬುಟ್ಟಿ’ಗೆ ಬೆರಳು ಸರಿಸಿದಳು. ಕೇತಕಿ ಬಗ್ಗಿ ನೋಡಿ ತಲೆಯಾಡಿಸಿದಳು. “ಇದು ಆ ಮನೀದಲ್ಲ ಅತ್ತಿ.”

“ಅಂದ್ರ ಬರೂದಿಲ್ಲ,” ಪ್ರಾಚಿ ಪುಸ್ತಕಕ್ಕೆ ಕೈಹಾಕಿದಳು.

“ಬರೂದಿಲ್ಲ ವೈನಿ.” ಇಂದೂ ಪುಸ್ತಕ ಬಿಡಲಿಲ್ಲ. “ಇಷ್ಟು ದಿನ ಚಿತ್ರ ನೋಡಿ ಹೇಳ್ಯಾಳ. ಈಗ ನೋಡ್ರಿ, ಚಿತ್ರ ಇಲ್ಲದನ ಬಾಲ ಹಿಡದ್ಳು. ತಲಿ ನಾ ಹಿಡಸ್ತೀನಿ, ದಿನಾ.”

ಪ್ರಾಚಿ ಅವಳನ್ನು ನೋಡಿದಳು, ಮನೆಗೆ ಹೊಸಬರು ಬಂದಂತೆ. “ದೀಪಾವಳಿ ತನಕ ವರ್ಗ ಇರ್ಲಿ,” ಅಂದಳು. “ಆಮ್ಯಾಲ ನಾನ ಚಿತ್ರ ಮುಚ್ಚಾಕಿ. ಆವಾಗ ಬರಲಿಲ್ಲಂದ್ರ ನಿನ್ನ ಮಾತೂ ಕೇಳೂದಿಲ್ಲ.”

“ಕೈ ತಗಿ ಅತ್ತಿ, ನಾ ಪಟಾಪಟ್ ಓದ್ತೀನಿ,” ಎಂದು ಕೇತಕಿ ಅವಳ ಹೆಬ್ಬೆರಳು ಎಳೆಯತೊಡಗಿದಳು.

ಇಂದೂ ಕೈ ತೆಗೆಯಲಿಲ್ಲ. ಇನ್ನೊಂದು ಕೈಯ ಬೆರಳನ್ನು ಮೊದಲ ಅಕ್ಷರದ ಕೆಳಗೆ ಇಟ್ಟಳು.