ಕಾಲಡಿ ಹಾದುಹೋದದ್ದು

"ಇನ್ನೊಂದ್ಸಲ ಹಾಕಿ ಸಾರ್!" ಎಂದು ಮಕ್ಕಳು ಕೂಗಿದಾಗ ಪುಟ್ಟಸಿದ್ದಮ್ಮ ಪಾತ್ರೆ ತೊಳೆಯುವುದನ್ನು ಬಿಟ್ಟು ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಬಂದು ನಿಂತಳು. ಹರವೆಯ ಆ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತ ಅವಳಿಗೆ ಮೂರು ವರ್ಷವಾಗಿತ್ತು. ಗುಂಡ್ಲುಪೇಟೆಯಿಂದ ಹೊಸದಾಗಿ ವರ್ಗವಾಗಿ ಬಂದ ವಿಜ್ಞಾನದ ಮೇಷ್ಟ್ರು ಗಂಗಾಧರಸ್ವಾಮಿ ಯಾವುದೋ ತರಬೇತಿಯಲ್ಲಿ ಕೊಟ್ಟ ಸಿ.ಡಿ. ಹಾಕಿದ್ದರು. ಭೂಕಂಪ ಅಳೆಯುವ ಯಂತ್ರದ ಗೆರೆಗಳನ್ನು ಅದರಲ್ಲಿ ಯಾರೋ ಸದ್ದಾಗಿ ಮಾಡಿದ್ದರು.

ಮೊದಲು ಮೊರದಲ್ಲಿ ರಾಗಿ ಆಡಿಸಿದಂಥ ಸದ್ದು. ಆಮೇಲೆ ಗುಡುಗು. ಕೊನೆಗೆ ಉದ್ದಕ್ಕೆ ಎಳೆದುಕೊಂಡು ಹೋಗುವ ಗೊಣಗು.

"ಮಾದೇವನ ಹೊಟ್ಟೆ ಕಣ್ಲಾ!" ಎಂದ ಒಬ್ಬ, ಪಕ್ಕದ ಹುಡುಗನನ್ನು ತಿವಿದು. ಎಲ್ಲರೂ ನಕ್ಕರು.

"ನಗಬೇಡ್ರೋ. ಗುಜರಾತಿನ ಭೂಕಂಪ ಇದು. ಐದು ವರ್ಷದ ಹಿಂದೆ, ಜನವರಿ ಇಪ್ಪತ್ತಾರು," ಎಂದರು ಮೇಷ್ಟ್ರು.

ಗಂಟೆ ಹೊಡೆದು ಮಕ್ಕಳು ಹೋದ ಮೇಲೂ ಅವಳು ಅಲ್ಲೇ ನಿಂತಿದ್ದಳು.

"ನಮ್ಮ ಯಜಮಾನ್ರು ಅಲ್ಲೇ ತೀರ್ಕಂಡ್ರು ಮೇಷ್ಟ್ರೇ. ಕರಿಕಲ್ಲು ಪಾಲಿಷ್ ಮಾಡಕ ಓಗಿದ್ರು. ಅವ್ರ್ಗ ಈ ಸದ್ದು ಕೇಳಿತ್ತಾ?"

ಮೇಷ್ಟ್ರ ಕೈ ಮೌಸಿನ ಮೇಲೆ ನಿಂತುಹೋಯಿತು. ಅವರಿಗೆ ಇದು ತಿಳಿದಿರಲಿಲ್ಲ. "ಇಲ್ಲಮ್ಮ. ಈ ಸದ್ದು ಹಿಂಗೆ ಕಿವಿಗೆ ಸಿಗಲ್ಲ. ನೂರು ಪಟ್ಟು ಬೇಗ ಓಡಿಸಿದ್ದಾರೆ. ಇದನ್ನು ಹಿಡಿದ ಯಂತ್ರ ಇದ್ದದ್ದೂ ಗುಜರಾತಲ್ಲಲ್ಲ, ನಮ್ಮ ದಕ್ಷಿಣದ ಕಡೆ."

"ಅಲ್ಲಿ ನಡುಗಿದ್ದು ಇಲ್ಗೆಂಗ ಬಂತು?"

"ನೆಲದೊಳಗೇ ಬರುತ್ತೆ. ಭೂಮಿಯೆಲ್ಲ ಸುತ್ತುತ್ತೆ."

"ನಮ್ಮೂರು ಅರವೆಗೂವೆ?"

"ಬಂದಿರುತ್ತೆ. ಹತ್ತು ನಿಮಿಷದೊಳಗೆ."

ಭೂಕಂಪದ ಆ ಬೆಳಿಗ್ಗೆ ಅವಳು ಹರವೆಯ ಹೊಲದಲ್ಲಿ ಬರಿಗಾಲಲ್ಲಿ ಅರಿಸಿನ ಕೀಳುತ್ತಿದ್ದಳು. ಎರಡು ದಿನ ಬಿಟ್ಟು ಚಂದಕವಾಡಿಯಲ್ಲಿ ತಮ್ಮನ ಮದುವೆ. ಕೈತುಂಬ ಬಳೆ ತೊಟ್ಟು, ಮಲ್ಲಿಗೆ ಮುಡಿದು, ಸೋಬಾನೆ ಹಾಡಿದ್ದಳು. ಗುಜರಾತಿನಲ್ಲಿ ಫೋನುಗಳೆಲ್ಲ ಸತ್ತಿದ್ದವಂತೆ. ಗಂಡ ಬಸವಣ್ಣ ಕಲ್ಲುಮಣ್ಣಿನಡಿ ಸಿಕ್ಕಿ ಸತ್ತ ಸುದ್ದಿ ಊರು ಮುಟ್ಟಿದ್ದು ಐದನೇ ದಿನ. "ಮಗ ಮಣ್ಣಲ್ಲಿ ಬಿದ್ದಿರ್ವಾಗ ಇವ್ಳು ಊ ಮುಡ್ಕಂಡು ಮೆರದ್ಳು" ಎಂದು ಅತ್ತೆ ದೊಡ್ಡಮಲ್ಲಮ್ಮ ಬಂದವರೆದುರಿಗೆಲ್ಲ ಅತ್ತಿದ್ದಳು. ಗೊತ್ತಿರಲಿಲ್ಲವಲ್ಲ ಎಂಬ ಒಂದೇ ಮಾತನ್ನು ಹಿಡಿದುಕೊಂಡು ಪುಟ್ಟಸಿದ್ದಮ್ಮ ಇಷ್ಟು ವರ್ಷ ಸವೆಸಿದ್ದಳು.

"ನನ್ ಕಾಲ್ಗೇ ಬಂದಿತ್ತು ಅನ್ನಿ."

"ಯಾರ ಕಾಲಿಗೂ ಗೊತ್ತಾಗೋ ಹಂಗಿರಲಿಲ್ಲ ಕಣಮ್ಮ. ನೆಲ ತೀರಾ ನಿಧಾನಕ್ಕೆ ತೂಗಿರುತ್ತೆ ಅಷ್ಟೇ. ನಾನೂ ಆ ಹೊತ್ತಲ್ಲಿ ಬಾವುಟದ ಮುಂದೆ ನಿಂತಿದ್ದೆ. ನನಗೂ ಏನೂ ತಿಳಿಲಿಲ್ಲ."

"ಬಂದಿತ್ತು ತಾನೇ?"

ಸುಳ್ಳು ಹೇಳಬಹುದಿತ್ತು. ಮೇಷ್ಟ್ರು ಅವಳ ಮುಖ ನೋಡಿದರು.

"ಬಂದಿತ್ತು."

ಅವಳು ಅಳಲಿಲ್ಲ. ಸೆರಗಿಗೆ ಒದ್ದೆ ಕೈ ಒರೆಸಿಕೊಂಡು ನೆಲದ ಮೇಲೆ ಕುಳಿತಳು. "ಇನ್ನೊಂದ್ಸಲ ಆಕ್ಬುಡಿ" ಎಂದಳು.

ಮೇಷ್ಟ್ರು ಹಾಕಿದರು. ರಾಗಿಯ ಸದ್ದು ಬಂತು, ಗುಡುಗು ಬಂತು. ಅವಳು ಅಂಗೈಯನ್ನು ಸಿಮೆಂಟಿನ ಮೇಲೆ ಊರಿದಳು, ಮಲಗಿದ ಮಗುವಿನ ಬೆನ್ನಿನ ಮೇಲೆ ಇಡುವಂತೆ. ಗೊಣಗು ಸಣ್ಣಗಾಗಿ ನಿಂತಿತು. ಹೊರಗೆ ಯಾರೋ ನಲ್ಲಿ ತಿರುಗಿಸಿದರು, ತಟ್ಟೆಗಳು ಸದ್ದು ಮಾಡಿದವು. ಅವಳು ಕೈ ಎತ್ತಲಿಲ್ಲ.